ಮಗನ ಸಮಾಧಿ ಸಿಗದ ಅಪ್ಪ, ಲಕ್ಷಾಂತರ ಯೋಧರ ಸಮಾಧಿಗೆ ಸಾಲು ಕೊಟ್ಟ: ರಡ್ಯಾರ್ಡ್ ಕಿಪ್ಲಿಂಗ್ ಬದುಕಿನ ಇನ್ನೊಂದು ಮುಖ

ಗಡಿಯಲ್ಲಿ ಯೋಧನೊಬ್ಬ ಪ್ರಾಣ ಬಿಟ್ಟರೆ ಇಂದು ಏನಾಗುತ್ತದೆ? ಅರ್ಧ ಗಂಟೆಯೊಳಗೆ ಹೆಸರು, ಊರು, ಫೋಟೋ ಮೊಬೈಲ್‌ಗೆ ಬರುತ್ತದೆ. ತ್ರಿವರ್ಣ ಧ್ವಜ ಹೊದಿಸಿದ ಪೆಟ್ಟಿಗೆ ವಿಮಾನದಲ್ಲಿ ಬಂದು, ಅಲ್ಲಿಂದ ಊರಿಗೆ ಹೋಗುತ್ತದೆ. ರಸ್ತೆಯ ಇಕ್ಕೆಲಗಳಲ್ಲಿ ಶಾಲಾ ಮಕ್ಕಳು ನಿಂತಿರುತ್ತಾರೆ. ಸತ್ತ ಸಿಪಾಯಿಗೆ ಹೆಸರಿರಬೇಕು, ಆ ಹೆಸರು ಎಲ್ಲಾದರೂ ಉಳಿಯಬೇಕು ಎಂಬುದರಲ್ಲಿ ನಮಗೆ ಅನುಮಾನವೇ ಇಲ್ಲ.

ಆದರೆ ಇದು ಎಂದಿನಿಂದಲೂ ಇದ್ದ ಪದ್ಧತಿಯಲ್ಲ. ಇನ್ನೂರು ವರ್ಷಗಳ ಹಿಂದೆ ಸಾಮಾನ್ಯ ಸಿಪಾಯಿ ಸತ್ತರೆ ಗುಂಡಿಗೆ ತಳ್ಳಿ ಮಣ್ಣು ಮುಚ್ಚುತ್ತಿದ್ದರು. ಸ್ಮಾರಕ ಏಳುತ್ತಿದ್ದುದು ಸೇನಾಪತಿಗೆ ಮಾತ್ರ. ಈ ಮನೋಭಾವ ಬದಲಾದದ್ದು ಮುಖ್ಯವಾಗಿ ಮೊದಲ ಮಹಾಯುದ್ಧದ ಹೊತ್ತಿಗೆ. ಆ ಬದಲಾವಣೆಗೆ ಮಾತು ಕೊಟ್ಟವರಲ್ಲಿ ಒಬ್ಬರು ನಮಗೆಲ್ಲ ಚೆನ್ನಾಗಿ ಗೊತ್ತು. ಮೋಗ್ಲಿ, ಬಘೀರ, ಶೇರ್ ಖಾನ್‌ರನ್ನು ಸೃಷ್ಟಿಸಿದ 'ಜಂಗಲ್ ಬುಕ್' ಲೇಖಕ ರಡ್ಯಾರ್ಡ್ ಕಿಪ್ಲಿಂಗ್. ಯುದ್ಧಕ್ಕೆ ಹುರಿದುಂಬಿಸಿದವರೂ ಅವರೇ, ಅದೇ ಯುದ್ಧದಲ್ಲಿ ಒಬ್ಬನೇ ಮಗನನ್ನು ಕಳೆದುಕೊಂಡವರೂ ಅವರೇ, ಸತ್ತ ಪ್ರತಿಯೊಬ್ಬನ ಹೆಸರೂ ಉಳಿಯಬೇಕೆಂದು ಬದುಕಿನ ಕೊನೆಯ ಎರಡು ದಶಕ ದುಡಿದವರೂ ಅವರೇ.

ಮುಂಬೈನ ಮಗು, ಲಾಹೋರ್‌ನ ಪತ್ರಕರ್ತ

ಕಿಪ್ಲಿಂಗ್ ಹುಟ್ಟಿದ್ದು 1865ರ ಡಿಸೆಂಬರ್ 30ರಂದು, ಮುಂಬೈಯಲ್ಲಿ. ತಂದೆ ಜಾನ್ ಲಾಕ್‌ವುಡ್ ಕಿಪ್ಲಿಂಗ್ ಅಲ್ಲಿನ ಜೆ.ಜೆ. ಕಲಾಶಾಲೆಯಲ್ಲಿ ಮೇಷ್ಟ್ರು. ಇಂದಿನ ಸಿಎಸ್‌ಎಂಟಿ ರೈಲು ನಿಲ್ದಾಣದಿಂದ ಕೂಗಳತೆಯಲ್ಲಿರುವ ಅದೇ ಕಾಲೇಜು. ಇನ್ನೂ ಆರು ತುಂಬುವ ಮೊದಲೇ, ಅಂದಿನ ಆಂಗ್ಲೋ-ಇಂಡಿಯನ್ ಕುಟುಂಬಗಳ ವಾಡಿಕೆಯಂತೆ, ಹುಡುಗನನ್ನು ಓದಿಗಾಗಿ ಇಂಗ್ಲೆಂಡಿಗೆ ಕಳಿಸಿಬಿಟ್ಟರು.

1882ರಲ್ಲಿ, 16ರ ವಯಸ್ಸಿನಲ್ಲಿ, ಕಿಪ್ಲಿಂಗ್ ಭಾರತಕ್ಕೆ ಮರಳಿದರು. ಲಾಹೋರ್‌ನ 'ಸಿವಿಲ್ ಆ್ಯಂಡ್ ಮಿಲಿಟರಿ ಗೆಜೆಟ್' ಪತ್ರಿಕೆಯಲ್ಲಿ ಉಪಸಂಪಾದಕರ ಕೆಲಸ, ಆಮೇಲೆ ಅಲಹಾಬಾದಿನ 'ಪಯೋನಿಯರ್'ನಲ್ಲಿ. ಬ್ಯಾರಕ್‌ಗಳಿಗೆ ಹೋಗಿ ಸಿಪಾಯಿಗಳ ಜೊತೆ ಕೂತು ಹರಟುವುದು ಅವರಿಗೆ ಇಷ್ಟ. ಅಂದಿನ ಬ್ರಿಟಿಷ್ ಸಿಪಾಯಿ ಯಾರು? ಊರಲ್ಲಿ ಕೆಲಸ ಸಿಗದೆ, ಹೊಟ್ಟೆಪಾಡಿಗೆ ಸೇನೆ ಸೇರಿದ ಬಡವ. ಗುಂಡಿಗಿಂತ ಹೆಚ್ಚಾಗಿ ಕಾಲರಾ, ಟೈಫಾಯ್ಡ್ ಅವನನ್ನು ಕೊಲ್ಲುತ್ತಿದ್ದವು. ಸತ್ತರೆ ಊರಿನ ಪತ್ರಿಕೆಗಳಲ್ಲಿ ಅವನು ಬರೀ ಅಂಕಿ.

1889ರಲ್ಲಿ ಭಾರತ ಬಿಟ್ಟು ಲಂಡನ್ ಸೇರಿದ ಕಿಪ್ಲಿಂಗ್, ಈ ಸಿಪಾಯಿಯ ಆಡುಮಾತಿನಲ್ಲೇ ಪದ್ಯಗಳನ್ನು ಬರೆದರು. 1892ರಲ್ಲಿ ಬಂದ ಸಂಕಲನ ಮನೆಮಾತಾಯಿತು. ಶಾಂತಿಕಾಲದಲ್ಲಿ ಹೋಟೆಲಿನೊಳಗೂ ಬಿಡದ ಸಿಪಾಯಿಯನ್ನು, ಯುದ್ಧದ ಬ್ಯಾಂಡ್ ಬಾರಿಸಿದ ಕೂಡಲೇ ಹಾಡಿ ಹೊಗಳುವ ಜನರ ಎರಡು ನಾಲಿಗೆಯನ್ನು ಅವರು ಲೇವಡಿ ಮಾಡಿದರು. 1854ರ ಕ್ರಿಮಿಯಾ ಯುದ್ಧದಲ್ಲಿ ಬಾಲಕ್ಲಾವಾದ ಫಿರಂಗಿಗಳತ್ತ ಕುದುರೆ ಓಡಿಸಿದ ಲೈಟ್ ಬ್ರಿಗೇಡ್ ಬಗ್ಗೆ ಇಡೀ ದೇಶ ಹಾಡುತ್ತಿತ್ತು. ಬದುಕುಳಿದವರು ಮುದಿವಯಸ್ಸಿನಲ್ಲಿ ತುತ್ತು ಕೂಳಿಗೆ ಪರದಾಡುತ್ತಿದ್ದುದನ್ನು ಪದ್ಯದಲ್ಲಿ ಎತ್ತಿ ತೋರಿಸಿದವರು ಕಿಪ್ಲಿಂಗ್.

ಹಾಡಿನಿಂದ ಎರಡೂವರೆ ಲಕ್ಷ ಪೌಂಡ್

1899ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಬೋಯರ್ ಯುದ್ಧ ಶುರುವಾಯಿತು. ಯುದ್ಧಕ್ಕೆ ಹೊರಟ ಸಿಪಾಯಿಯ ಹೆಂಡತಿ ಮಕ್ಕಳಿಗೆ ಯಾರು ದಿಕ್ಕು? ಕಿಪ್ಲಿಂಗ್ ಒಂದು ಪದ್ಯ ಬರೆದು 'ಡೈಲಿ ಮೇಲ್' ಪತ್ರಿಕೆಗೆ ಕೊಟ್ಟರು. ಅದಕ್ಕೆ ರಾಗ ಹಾಕಿ ನಾಟಕಶಾಲೆಗಳಲ್ಲಿ ಹಾಡಿದರು, ಜನ ನಾಣ್ಯ ಎಸೆದರು. ಸಿಪಾಯಿಗಳ ಕುಟುಂಬಗಳಿಗಾಗಿ ಸುಮಾರು ಎರಡೂವರೆ ಲಕ್ಷ ಪೌಂಡ್ ಕೂಡಿತು. ಆ ಕಾಲಕ್ಕೆ ಅದು ಕಲ್ಪನೆಗೂ ಮೀರಿದ ಮೊತ್ತ.

ಅದೇ ವರ್ಷ ಕಿಪ್ಲಿಂಗ್ ಮನೆಗೇ ಸಾವು ಬಂದಿತ್ತು. ಆರು ವರ್ಷದ ಹಿರಿಮಗಳು ಜೋಸೆಫೀನ್ ನ್ಯುಮೋನಿಯಾದಿಂದ ನ್ಯೂಯಾರ್ಕ್‌ನಲ್ಲಿ ತೀರಿಕೊಂಡಳು. 1900ರಲ್ಲಿ ಅವರು ದಕ್ಷಿಣ ಆಫ್ರಿಕಾಕ್ಕೆ ಹೋಗಿ, ಬ್ಲೂಮ್‌ಫಾಂಟೇನ್‌ನಲ್ಲಿ ಸೈನಿಕರ ಪತ್ರಿಕೆಯಲ್ಲಿ ಕೆಲಸ ಮಾಡಿದರು. ಆ ಊರಿನ ಸೇನಾ ಶಿಬಿರದಲ್ಲಿ ಟೈಫಾಯ್ಡ್ ಹಬ್ಬಿತ್ತು. ಆ ಯುದ್ಧದಲ್ಲಿ ಸತ್ತ ಸುಮಾರು 22 ಸಾವಿರ ಬ್ರಿಟಿಷ್ ಸೈನಿಕರಲ್ಲಿ ಹೆಚ್ಚಿನವರು ಸತ್ತದ್ದು ಕಾಯಿಲೆಯಿಂದ.

ಇಷ್ಟನ್ನು ಕಂಡರೂ ಯುದ್ಧದ ಬಗ್ಗೆ ಅವರ ನಿಲುವು ಬದಲಾಗಲಿಲ್ಲ. ಬದಲಿಗೆ, ಇಂಗ್ಲೆಂಡ್ ಮೈಮರೆತಿದೆ, ಕಡ್ಡಾಯ ಸೈನಿಕ ತರಬೇತಿ ಬೇಕು ಎಂದು ಪಟ್ಟು ಹಿಡಿದರು. 1907ರಲ್ಲಿ ಸಾಹಿತ್ಯದ ನೊಬೆಲ್ ಬಂತು. ಇಂಗ್ಲಿಷ್ ಲೇಖಕರೊಬ್ಬರಿಗೆ ಸಾಹಿತ್ಯ ನೊಬೆಲ್ ಸಿಕ್ಕಿದ್ದು ಅದೇ ಮೊದಲು. ಆಗ ಅವರಿಗೆ 41 ವರ್ಷ. ಅಷ್ಟು ಚಿಕ್ಕ ವಯಸ್ಸಿನಲ್ಲಿ ಆ ಪ್ರಶಸ್ತಿ ಪಡೆದವರು ಇಂದಿಗೂ ಇನ್ನೊಬ್ಬರಿಲ್ಲ. ದೇಶ ಅವರ ಮಾತಿಗೆ ಕಿವಿಗೊಡುತ್ತಿತ್ತು.

ಕಣ್ಣು ಮಂದ, ಆದರೂ ಸೇನೆಗೆ

1914ರ ಆಗಸ್ಟ್‌ನಲ್ಲಿ ಮಹಾಯುದ್ಧ ಸ್ಫೋಟಿಸಿತು. ಕಿಪ್ಲಿಂಗ್ ಸೇನಾ ಭರ್ತಿಗಾಗಿ ಭಾಷಣ ಮಾಡಿದರು, ಲೇಖನ ಬರೆದರು. ಯುವಕರೆಲ್ಲ ಹೊರಡಬೇಕು ಎಂಬುದು ಅವರ ವಾದ. ಮಗ ಜಾನ್‌ಗೆ ಆಗ ತಾನೇ 17. ಅಪ್ಪನಿಗಿದ್ದಂತೆ ಅವನಿಗೂ ದೃಷ್ಟಿದೋಷ, ಕನ್ನಡಕವಿಲ್ಲದೆ ದೂರದ್ದು ಕಾಣದು. ವೈದ್ಯಕೀಯ ಪರೀಕ್ಷೆಯಲ್ಲಿ ಸೇನೆ ಅವನನ್ನು ತಿರಸ್ಕರಿಸಿತು.

ಅಲ್ಲಿಗೇ ಬಿಡಬಹುದಿತ್ತು. ಕಿಪ್ಲಿಂಗ್ ಬಿಡಲಿಲ್ಲ. ಹಳೆಯ ಸ್ನೇಹಿತ, ಭಾರತದಲ್ಲಿ ದಂಡನಾಯಕರಾಗಿದ್ದ ಲಾರ್ಡ್ ರಾಬರ್ಟ್ಸ್ ಬಳಿ ಮಾತಾಡಿದರು. ರಾಬರ್ಟ್ಸ್ ಐರಿಷ್ ಗಾರ್ಡ್ಸ್ ರೆಜಿಮೆಂಟಿನ ಗೌರವ ಕರ್ನಲ್. ಅವರ ಒಂದು ಮಾತಿನಿಂದ ಜಾನ್ ಆ ರೆಜಿಮೆಂಟಿನಲ್ಲಿ ಅಧಿಕಾರಿಯಾದ. ಮಗನ ಆಸೆಯೂ ಅದೇ ಆಗಿತ್ತು. ಸ್ನೇಹಿತರೆಲ್ಲ ಹೋಗುವಾಗ ತಾನೊಬ್ಬ ಮನೆಯಲ್ಲಿ ಉಳಿಯುವುದು ಅವನಿಗೆ ಬೇಕಿರಲಿಲ್ಲ. ಯುದ್ಧಕ್ಕೆ ಹೋಗದ ಯುವಕರಿಗೆ ಬೀದಿಯಲ್ಲಿ ಬಿಳಿ ಗರಿ ಕೊಟ್ಟು ಹೇಡಿಯೆಂದು ಹಂಗಿಸುತ್ತಿದ್ದ ಕಾಲವದು.

1915ರ ಆಗಸ್ಟ್‌ನಲ್ಲಿ, 18 ತುಂಬುವ ಹೊತ್ತಿಗೆ, ಜಾನ್ ಫ್ರಾನ್ಸ್‌ಗೆ ಹೋದ. ಸೆಪ್ಟೆಂಬರ್ 25ರಂದು ಲೂಸ್ ಕದನ ಆರಂಭವಾಯಿತು. ಬ್ರಿಟಿಷ್ ಸೇನೆ ಮೊದಲ ಬಾರಿಗೆ ವಿಷಾನಿಲ ಬಳಸಿದ ಕದನ ಇದು. ಎರಡು ದಿನಗಳ ನಂತರ, 27ರಂದು, ಚಾಕ್ ಪಿಟ್ ವುಡ್ ಎಂಬ ತೋಪಿನ ಬಳಿ ಐರಿಷ್ ಗಾರ್ಡ್ಸ್ ದಾಳಿಗಿಳಿಯಿತು. ಅದೇ ಕೊನೆ. ಜಾನ್ ಮತ್ತೆ ಕಾಣಲಿಲ್ಲ.

ನಾಪತ್ತೆ ಎಂಬ ಒಂದು ಪದ

ಅಕ್ಟೋಬರ್ ಮೊದಲ ವಾರದಲ್ಲಿ ಸಸೆಕ್ಸ್‌ನ ಬೇಟ್‌ಮನ್ಸ್ ಮನೆಗೆ ಸೇನಾ ಇಲಾಖೆಯ ಸುದ್ದಿ ಬಂತು. ಗಾಯಗೊಂಡಿದ್ದಾನೆ, ನಾಪತ್ತೆಯಾಗಿದ್ದಾನೆ. ಅಂದಿನ ಬ್ರಿಟನ್ನಿನಲ್ಲಿ ಸಾವಿನ ಸುದ್ದಿ ಮುಟ್ಟಿಸುವುದರಲ್ಲೂ ಅಂತಸ್ತಿನ ಭೇದವಿತ್ತು. ಅಧಿಕಾರಿಯ ಮನೆಗೆ ಟೆಲಿಗ್ರಾಂ. ಸಾಮಾನ್ಯ ಸಿಪಾಯಿಯ ಮನೆಗೆ ಮೊದಲೇ ಮುದ್ರಿಸಿಟ್ಟ ಒಂದು ಫಾರಂ, ಖಾಲಿ ಜಾಗದಲ್ಲಿ ಹೆಸರು, ನಂಬರ್ ತುಂಬಿ ಅಂಚೆಯಲ್ಲಿ.

ನಾಪತ್ತೆ ಎಂದರೆ ಸತ್ತ ಎಂದೂ ಅಲ್ಲ, ಬದುಕಿದ್ದಾನೆ ಎಂದೂ ಅಲ್ಲ. ಕಿಪ್ಲಿಂಗ್ ಮತ್ತು ಪತ್ನಿ ಕ್ಯಾರಿ ಆಸ್ಪತ್ರೆಗಳಿಗೆ ಹೋದರು. ಗಾಯಗೊಂಡು ಮಲಗಿದ್ದ ಐರಿಷ್ ಗಾರ್ಡ್ಸ್ ಸಿಪಾಯಿಗಳನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿದರು. ಯಾರೋ ಕಂಡೆನೆಂದರು, ಇನ್ಯಾರೋ ಬೇರೆ ಕಡೆ ಕಂಡೆನೆಂದರು. ಜರ್ಮನರ ಸೆರೆಯಲ್ಲಿರಬಹುದೆಂದು ರೆಡ್ ಕ್ರಾಸ್ ಮೂಲಕ, ತಟಸ್ಥ ದೇಶಗಳ ಮೂಲಕ ಹುಡುಕಿಸಿದರು. ಜಗತ್ತೇ ಬಲ್ಲ ಲೇಖಕನ ಪ್ರಭಾವವೆಲ್ಲ ಸೇರಿದರೂ ಒಬ್ಬ ಹುಡುಗನ ದೇಹ ಸಿಗಲಿಲ್ಲ. ಯುದ್ಧ ಮುಗಿದ ಮೇಲೆಯೇ ಸೇನೆ ಕಡತದಲ್ಲಿ ಸಾವೆಂದು ಬರೆದುಕೊಂಡಿತು.

ಕಿಪ್ಲಿಂಗ್ ಒಬ್ಬರದೇ ಕಥೆಯಲ್ಲ ಇದು. 1916ರ ಜುಲೈ 1ರಂದು, ಸೋಮ್ ಕದನದ ಮೊದಲ ಒಂದೇ ದಿನ, 19,240 ಬ್ರಿಟಿಷ್ ಸೈನಿಕರು ಸತ್ತರು. ಪತ್ರಿಕೆಗಳ ಪುಟಗಟ್ಟಲೆ ಬರೀ ಹೆಸರುಗಳ ಪಟ್ಟಿ. ಹಿಂದಿನ ಯುದ್ಧಗಳಲ್ಲಿ ಸಾಯುತ್ತಿದ್ದವನು ಯಾರದೋ ಮನೆಯ ಬಡ ಹುಡುಗ. ಈಗ ಸಾಯುತ್ತಿದ್ದವರಲ್ಲಿ ಗುಮಾಸ್ತ, ಮೇಷ್ಟ್ರು, ಅಂಗಡಿಯವ, ಜಮೀನ್ದಾರ, ಪ್ರಧಾನಿಯ ಮಗ ಎಲ್ಲರೂ ಇದ್ದರು. ಪ್ರಧಾನಿ ಆಸ್ಕ್ವಿತ್ ಅವರ ಹಿರಿಮಗ ಅದೇ 1916ರ ಸೆಪ್ಟೆಂಬರ್‌ನಲ್ಲಿ ಸೋಮ್‌ನಲ್ಲಿ ಮಡಿದ. ಸತ್ತವನನ್ನು ಅಂಕಿಯಾಗಿ ನೋಡುವುದು ಇನ್ನು ಸಾಧ್ಯವಿರಲಿಲ್ಲ, ಯಾಕೆಂದರೆ ಓದುವ ಪ್ರತಿ ಮನೆಯಲ್ಲೂ ಒಬ್ಬನ ಕುರ್ಚಿ ಖಾಲಿಯಾಗಿತ್ತು.

ಜನರಲ್‌ಗೂ ಸಿಪಾಯಿಗೂ ಒಂದೇ ಕಲ್ಲು

ಫೇಬಿಯನ್ ವೇರ್ ಎಂಬವರು ರೆಡ್ ಕ್ರಾಸ್ ತಂಡದೊಂದಿಗೆ ಫ್ರಾನ್ಸ್‌ಗೆ ಹೋಗಿದ್ದಾಗ, ಸೈನಿಕರ ಸಮಾಧಿಗಳ ಲೆಕ್ಕವನ್ನು ಯಾರೂ ಇಡುತ್ತಿಲ್ಲ ಎಂಬುದನ್ನು ಗಮನಿಸಿ ತಾವೇ ಬರೆದಿಡತೊಡಗಿದರು. ಅವರ ಪ್ರಯತ್ನದಿಂದ 1917ರ ಮೇ 21ರಂದು ಸಾಮ್ರಾಜ್ಯದ ಯುದ್ಧ ಸಮಾಧಿ ಆಯೋಗ ಹುಟ್ಟಿತು. ಅದೇ ವರ್ಷ ಕಿಪ್ಲಿಂಗ್ ಆಯೋಗದ ಸದಸ್ಯರಾದರು, ಸಾಹಿತ್ಯ ಸಲಹೆಗಾರರೂ ಆದರು. 1936ರಲ್ಲಿ ಸಾಯುವವರೆಗೂ ಆ ಕೆಲಸ ಬಿಡಲಿಲ್ಲ.

ಆಯೋಗದ ನಿಯಮಗಳು ಆ ಕಾಲಕ್ಕೆ ಕ್ರಾಂತಿಕಾರಿ. ಪ್ರತಿಯೊಬ್ಬನ ಹೆಸರೂ ಸಮಾಧಿಯ ಮೇಲೋ, ದೇಹ ಸಿಗದಿದ್ದರೆ ಸ್ಮಾರಕದ ಮೇಲೋ ಇರಬೇಕು. ಎಲ್ಲರಿಗೂ ಒಂದೇ ಅಳತೆಯ ಕಲ್ಲು. ಹುದ್ದೆ, ಜನಾಂಗ, ಧರ್ಮದ ಭೇದ ಕೂಡದು. ಯಾರ ದೇಹವನ್ನೂ ಊರಿಗೆ ಕೊಂಡೊಯ್ಯುವಂತಿಲ್ಲ. ದುಡ್ಡಿದ್ದವರ ಮಗ ಮಾತ್ರ ಮನೆಗೆ ಬಂದರೆ ಬಡವರ ಮಗನಿಗೆ ಅನ್ಯಾಯ ಎಂಬುದು ಕಾರಣ.

ಜನ ಸುಮ್ಮನೆ ಒಪ್ಪಲಿಲ್ಲ. ನನ್ನ ಮಗನ ದೇಹದ ಮೇಲೆ ಸರ್ಕಾರಕ್ಕೇನು ಹಕ್ಕು ಎಂದು ತಾಯಂದಿರು ಕೇಳಿದರು. ತಮ್ಮಿಷ್ಟದ ಶಿಲುಬೆ ನೆಡಲು ಅವಕಾಶ ಕೊಡಿ ಎಂದು 1919ರಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಜನ ಅರ್ಜಿಗೆ ಸಹಿ ಹಾಕಿದರು. ಮುಂದಾಳತ್ವ ವಹಿಸಿದ್ದ ಲೇಡಿ ಫ್ಲಾರೆನ್ಸ್ ಸೆಸಿಲ್ ಅವರ ಮೂವರು ಮಕ್ಕಳು ಯುದ್ಧದಲ್ಲಿ ಸತ್ತಿದ್ದರು. 1920ರ ಮೇ 4ರಂದು ವಿಷಯ ಬ್ರಿಟಿಷ್ ಸಂಸತ್ತಿಗೆ ಬಂತು. ಚರ್ಚೆಯಲ್ಲಿ ಕಿಪ್ಲಿಂಗ್ ಬರೆದ ಪತ್ರವೊಂದನ್ನು ಓದಲಾಯಿತು. ಹುಡುಕಿ ಹೋಗಲು ಒಂದು ಸಮಾಧಿಯಾದರೂ ಇರುವವರು ಎಷ್ಟು ಅದೃಷ್ಟವಂತರೆಂದು ಸಮಾಧಿಯೇ ಇಲ್ಲದವರಿಗೆ ಮಾತ್ರ ಗೊತ್ತು ಎಂಬುದು ಅದರ ತಿರುಳು. ಆಯೋಗದ ನಿಯಮ ಉಳಿಯಿತು.

ಆದರೆ ಆ ತಾಯಂದಿರ ವಾದ ಸೋತಿದ್ದರೂ ಸುಳ್ಳಾಗಿರಲಿಲ್ಲ. ನಮ್ಮಲ್ಲೇ ನೋಡಿ. 1971ರ ಯುದ್ಧದವರೆಗೂ ಬಹುಪಾಲು ಯೋಧರ ಅಂತ್ಯಸಂಸ್ಕಾರ ರಣರಂಗದ ಸಮೀಪವೇ ನಡೆಯುತ್ತಿತ್ತು. 1999ರ ಕಾರ್ಗಿಲ್ ಯುದ್ಧದಲ್ಲಿ ಪಾರ್ಥಿವ ಶರೀರಗಳು ಊರೂರಿಗೆ ಬಂದಾಗ, ದೇಶ ಯುದ್ಧವನ್ನು ನೋಡುವ ಬಗೆಯೇ ಬದಲಾಯಿತು. ಸಾವು ದೂರದ ಶಿಖರದಲ್ಲಿ ಉಳಿಯದೆ ಊರ ಮುಂದಿನ ಬಸ್ ನಿಲ್ದಾಣಕ್ಕೆ ಬಂದು ನಿಂತಿತು.

ಆಯೋಗಕ್ಕೆ ಬೇಕಿದ್ದ ಮಾತುಗಳನ್ನು ಆರಿಸಿದ್ದು ಕಿಪ್ಲಿಂಗ್. ದೊಡ್ಡ ಸ್ಮಶಾನಗಳ ಸ್ಮಾರಕ ಶಿಲೆಗೆ ಹಳೆಯ ಧರ್ಮಗ್ರಂಥದಿಂದ, ಹೆಸರು ಚಿರಕಾಲ ಬಾಳುತ್ತದೆ ಎಂಬರ್ಥದ ಸಾಲನ್ನು ತೆಗೆದುಕೊಟ್ಟರು. ಗುರುತು ಸಿಗದವನ ಕಲ್ಲಿಗೆ, ಅವನಾರೆಂದು ದೇವರು ಬಲ್ಲ ಎಂಬ ಅರ್ಥದ ನುಡಿ. ತಮ್ಮ ಮಗನೂ ಅಂಥ ಯಾವುದೋ ಕಲ್ಲಿನ ಕೆಳಗೆ ಇರಬಹುದು ಎಂಬುದು ಅವರಿಗೆ ಗೊತ್ತಿತ್ತು. 1922ರಲ್ಲಿ ಐದನೇ ಜಾರ್ಜ್ ದೊರೆ ಸಮಾಧಿಗಳ ಯಾತ್ರೆ ಮಾಡಿದಾಗ ಫ್ರಾನ್ಸ್‌ನ ಟರ್ಲಿಂಕ್ತುನ್‌ನಲ್ಲಿ ಮಾಡಿದ ಭಾಷಣ ಬರೆದುಕೊಟ್ಟವರೂ ಅವರೇ. ಶಾಂತಿಯ ಪರವಾಗಿ ಈ ಸಮಾಧಿಗಳ ಸಾಲಿಗಿಂತ ದೊಡ್ಡ ಸಾಕ್ಷಿ ಬೇರಿಲ್ಲ ಎಂಬ ಧಾಟಿ ಅದರದ್ದು.

ಮಗನ ರೆಜಿಮೆಂಟಿನ ಯುದ್ಧ ಚರಿತ್ರೆಯನ್ನೂ ಎರಡು ಸಂಪುಟಗಳಲ್ಲಿ ಬರೆದರು. 1923ರಲ್ಲಿ ಪ್ರಕಟವಾಯಿತು. ವರ್ಷಗಟ್ಟಲೆ ಡೈರಿ, ಪತ್ರ, ಸಿಪಾಯಿಗಳ ಹೇಳಿಕೆ ಕಲೆಹಾಕಿದ ಕೆಲಸ. ಅದರಲ್ಲಿ ಜಾನ್‌ನ ಸಾವಿಗೆ ಸಿಕ್ಕಿದ್ದು ಉಳಿದ ಅಧಿಕಾರಿಗಳಿಗೆ ಸಿಕ್ಕಷ್ಟೇ ಜಾಗ. ಒಂದು ಅಕ್ಷರವೂ ಹೆಚ್ಚಿಲ್ಲವೆನ್ನುವಷ್ಟು ನಿರ್ಲಿಪ್ತ.

ಭಾರತೀಯರ ಹೆಸರು ಎಲ್ಲಿ?

ಈ ಯುದ್ಧದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಕಡಲಾಚೆ ದುಡಿದರು, 70 ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಸಂಸ್ಥಾನಗಳ ಪಡೆಗಳೂ ಹೋಗಿದ್ದವು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ದಾಳಿಯಲ್ಲಿ ಜೋಧಪುರ ಲ್ಯಾನ್ಸರ್ಸ್ ಜೊತೆ ನಮ್ಮ ಮೈಸೂರು ಲ್ಯಾನ್ಸರ್ಸ್ ಇತ್ತು. ದೆಹಲಿಯ ಕನ್ನಡಿಗರು ದಿನವೂ ದಾಟುವ ತೀನ್ ಮೂರ್ತಿ ವೃತ್ತದಲ್ಲಿರುವ ಮೂರು ಕಂಚಿನ ಪ್ರತಿಮೆಗಳು ಮೈಸೂರು, ಹೈದರಾಬಾದ್, ಜೋಧಪುರ ಪಡೆಗಳನ್ನು ನೆನಪಿಸುತ್ತವೆ.

1927ರ ಅಕ್ಟೋಬರ್ 7ರಂದು ಫ್ರಾನ್ಸ್‌ನ ನವ್ ಶಾಪೆಲ್‌ನಲ್ಲಿ ಭಾರತೀಯ ಸ್ಮಾರಕ ಉದ್ಘಾಟನೆಯಾಯಿತು. 4,700ಕ್ಕೂ ಹೆಚ್ಚು ಭಾರತೀಯರ ಹೆಸರು ಅಲ್ಲಿವೆ. ಸಮಾರಂಭಕ್ಕೆ ಕಿಪ್ಲಿಂಗ್ ಬಂದಿದ್ದರು. ಯುದ್ಧಕಾಲದಲ್ಲಿ ಭಾರತೀಯ ಸಿಪಾಯಿಗಳು ಮನೆಗೆ ಬರೆದ, ಸೆನ್ಸಾರ್ ಆದ ಪತ್ರಗಳನ್ನು ಓದಿ ಅವರ ದನಿಯಲ್ಲಿ ಕಥೆಗಳನ್ನೂ ಬರೆದಿದ್ದರು. ಅದು ಬಹುಮಟ್ಟಿಗೆ ಯುದ್ಧ ಪ್ರಚಾರ.

ಆದರೆ ಸಮಾನತೆಯ ನಿಯಮ ಯುರೋಪಿನಲ್ಲಿ ನಡೆದಂತೆ ಉಳಿದೆಡೆ ನಡೆಯಲಿಲ್ಲ. ಇರಾಕಿನ ಬಸ್ರಾ ಸ್ಮಾರಕದಲ್ಲಿ ಬ್ರಿಟಿಷರ ಹೆಸರುಗಳಿದ್ದವು, ಭಾರತೀಯ ಅಧಿಕಾರಿಗಳ ಹೆಸರುಗಳಿದ್ದವು. ಸಾಮಾನ್ಯ ಭಾರತೀಯ ಸಿಪಾಯಿಗೆ ಮಾತ್ರ ರೆಜಿಮೆಂಟ್ ವಾರು ಒಂದು ಸಂಖ್ಯೆ. ಪೂರ್ವ ಆಫ್ರಿಕಾದಲ್ಲಿ ಹೊರೆ ಹೊತ್ತು ಸತ್ತ ಸಾವಿರಾರು ಆಫ್ರಿಕನ್ನರಿಗೆ ಅದೂ ಇಲ್ಲ. 2021ರ ಏಪ್ರಿಲ್‌ನಲ್ಲಿ ಆಯೋಗದ ವಿಶೇಷ ಸಮಿತಿಯೇ ಇದನ್ನು ಒಪ್ಪಿಕೊಂಡಿತು. 45 ಸಾವಿರದಿಂದ 54 ಸಾವಿರ ಮಂದಿಯನ್ನು ಅಸಮಾನವಾಗಿ ಸ್ಮರಿಸಲಾಗಿದೆ, ಕನಿಷ್ಠ 1,16,000 ಮಂದಿಯ, ಪ್ರಾಯಶಃ 3,50,000ದಷ್ಟು ಮಂದಿಯ ಹೆಸರು ದಾಖಲಾಗಿಲ್ಲ ಅಥವಾ ಸ್ಮರಣೆಯೇ ಆಗಿಲ್ಲ ಎಂದು ಅದು ಅಂದಾಜಿಸಿತು. ಆಯೋಗ ಕ್ಷಮೆ ಕೇಳಿತು, ಬ್ರಿಟನ್ನಿನ ರಕ್ಷಣಾ ಸಚಿವರು ಸಂಸತ್ತಿನಲ್ಲಿ ಕ್ಷಮೆ ಕೇಳಿದರು.

ಕಿಪ್ಲಿಂಗ್ ಆ ಆಯೋಗದ ಸದಸ್ಯರಾಗಿದ್ದವರು. ಇನ್ನೊಂದನ್ನೂ ಮರೆಯುವಂತಿಲ್ಲ. 1919ರ ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದಲ್ಲಿ, ಸರ್ಕಾರಿ ಲೆಕ್ಕದಲ್ಲೇ, 379 ಜನ ಸತ್ತರು. ಗುಂಡು ಹಾರಿಸಿದ ಜನರಲ್ ಡಯರ್‌ಗಾಗಿ ಪತ್ರಿಕೆಯೊಂದು ನಿಧಿ ಎತ್ತಿದಾಗ ಕಿಪ್ಲಿಂಗ್ ಹಣ ಕೊಟ್ಟರು. ತನ್ನ ಮಗನ ಸಾವಿನ ನೋವನ್ನು ಜೀವನವಿಡೀ ಹೊತ್ತ ಮನುಷ್ಯನಿಗೆ, ತಾನು ಓಡಾಡಿದ ಪಂಜಾಬಿನ ಅಪ್ಪ ಅಮ್ಮಂದಿರ ನೋವು ಕಾಣಲಿಲ್ಲ.

ಅಪ್ಪನಿಗೆ ಪಶ್ಚಾತ್ತಾಪವಿತ್ತೇ?

1919ರಲ್ಲಿ ಕಿಪ್ಲಿಂಗ್ ಬರೆದ ಪುಟ್ಟ ಸಮಾಧಿ ಪದ್ಯಗಳ ಮಾಲೆಯಲ್ಲಿ, ಯುವಕರ ಸಾವಿಗೆ ಹಿರಿಯರ ಸುಳ್ಳನ್ನು ಹೊಣೆ ಮಾಡುವ ಒಂದು ದ್ವಿಪದಿ ಇದೆ. ಮಗನನ್ನು ಶಿಫಾರಸಿನಿಂದ ಸೇನೆಗೆ ಸೇರಿಸಿದ ಅಪ್ಪನ ತಪ್ಪೊಪ್ಪಿಗೆ ಅದು ಎಂದು ಹಲವರು ಓದುತ್ತಾರೆ. ಇಲ್ಲ, ಯುದ್ಧಕ್ಕೆ ದೇಶವನ್ನು ಸಜ್ಜುಗೊಳಿಸದ ರಾಜಕಾರಣಿಗಳ ಮೇಲಿನ ಸಿಟ್ಟು ಎನ್ನುವವರೂ ಇದ್ದಾರೆ. ಕಿಪ್ಲಿಂಗ್ ವಿವರಿಸಲು ಹೋಗಲಿಲ್ಲ. ಯುದ್ಧ ತಪ್ಪಾಗಿತ್ತು ಎಂದು ಬಹಿರಂಗವಾಗಿ ಒಮ್ಮೆಯೂ ಹೇಳಲಿಲ್ಲ. 1930ರ ದಶಕದಲ್ಲಿ ಹಿಟ್ಲರ್‌ನ ಅಪಾಯದ ಬಗ್ಗೆ ಎಚ್ಚರಿಸಿದರು. ಭಾರತದ ನೆನಪಿಗೆ ತಮ್ಮ ಪುಸ್ತಕಗಳ ಮೇಲೆ ಹಾಕಿಸುತ್ತಿದ್ದ ಸ್ವಸ್ತಿಕ ಚಿಹ್ನೆಯನ್ನು ನಾತ್ಸಿಗಳ ಕಾರಣಕ್ಕೆ ತೆಗೆಸಿದರು.

ಸತ್ತವರನ್ನು ಗೌರವಿಸುವುದು ಮತ್ತು ಅವರೇಕೆ ಸತ್ತರು ಎಂದು ಕೇಳುವುದು ಎರಡು ಬೇರೆ ಬೇರೆ ಕೆಲಸ. ಕಿಪ್ಲಿಂಗ್ ಮೊದಲನೆಯದನ್ನು ಯಾರೂ ಮಾಡದಷ್ಟು ಶ್ರದ್ಧೆಯಿಂದ ಮಾಡಿದರು, ಎರಡನೆಯದರ ಬಾಗಿಲಿಗೆ ಬಂದು ನಿಂತುಬಿಟ್ಟರು. ಅವರ ಕಾಲದ ಬಹಳ ಮಂದಿ ಮಾಡಿದ್ದೂ ಅದನ್ನೇ. ಮೆರವಣಿಗೆ, ಹೂಗುಚ್ಛ, ಮೌನಾಚರಣೆ ಮುಗಿದ ಮೇಲೆ ನಾವೂ ಎಷ್ಟೋ ಸಲ ಅಲ್ಲಿಗೇ ನಿಲ್ಲುತ್ತೇವೆ. ಹಾಗೆಂದು ಮೊದಲನೆಯದು ಸಣ್ಣ ಕೆಲಸವಲ್ಲ. ಹೆಸರು ಬರೆದಿಟ್ಟರೆ ತಾನೇ ಮುಂದೊಂದು ದಿನ ಯಾರಾದರೂ ಲೆಕ್ಕ ಕೇಳಲು ಸಾಧ್ಯ? 2021ರ ಆ ವರದಿ ಬಂದದ್ದೂ, ಎಲ್ಲರ ಹೆಸರೂ ಇರಬೇಕೆಂಬ ನಿಯಮವನ್ನು ನೂರು ವರ್ಷಗಳ ಹಿಂದೆ ಆಯೋಗ ತಾನೇ ಬರೆದುಕೊಂಡಿದ್ದರಿಂದ.

ಕಿಪ್ಲಿಂಗ್ 1936ರ ಜನವರಿ 18ರಂದು ತೀರಿಕೊಂಡರು. ಅವರ ಚಿತಾಭಸ್ಮ ಲಂಡನ್‌ನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿದೆ. ಅವರು ದುಡಿದ ಆಯೋಗ ಇಂದು ಎರಡೂ ಮಹಾಯುದ್ಧಗಳ ಸುಮಾರು 17 ಲಕ್ಷ ಮೃತರ ಸ್ಮರಣೆಯ ಹೊಣೆ ಹೊತ್ತಿದೆ. ಜಾನ್‌ನ ಹೆಸರು ಲೂಸ್ ಸ್ಮಾರಕದ ಗೋಡೆಯಲ್ಲಿ, ದೇಹ ಸಿಗದ 20 ಸಾವಿರಕ್ಕೂ ಹೆಚ್ಚು ಹೆಸರುಗಳ ನಡುವೆ ಇತ್ತು. 1992ರಲ್ಲಿ, ಅಪ್ಪ ಸತ್ತು 56 ವರ್ಷಗಳಾದ ಮೇಲೆ, ಲೂಸ್ ಸಮೀಪದ ಸ್ಮಶಾನವೊಂದರಲ್ಲಿ ಐರಿಷ್ ಗಾರ್ಡ್ಸ್‌ನ ಗುರುತು ಸಿಗದ ಲೆಫ್ಟಿನೆಂಟ್ ಒಬ್ಬನ ಸಮಾಧಿಯನ್ನು ಆಯೋಗ ಜಾನ್ ಕಿಪ್ಲಿಂಗ್‌ನದ್ದೆಂದು ಗುರುತಿಸಿತು. ಅದು ಅವನದೇ ಹೌದೋ ಅಲ್ಲವೋ ಎಂದು ಇತಿಹಾಸಕಾರರು ವರ್ಷಗಟ್ಟಲೆ ವಾದಿಸಿದರು. ಆಯೋಗ ತನ್ನ ತೀರ್ಮಾನ ಬದಲಿಸಲಿಲ್ಲ. ಅಪ್ಪ ಕೊಟ್ಟ ಸಾಲನ್ನು ತೆಗೆದು, ಹೊಸ ಕಲ್ಲಿನ ಮೇಲೆ ಮಗನ ಹೆಸರು ಕೆತ್ತಿಸಿತು.